ಹೊಲದ ಕೆಲಸ, ಪಂಕ್ತಿಯ ಊಟ

ನಮ್ಮ ಡಬ್ಲಿನ್ನಿನಿಂದ 680ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಸುಮಾರು 30 ಮೈಲಿ ಹೋದರೆ ಸಾಂತಾ ಕ್ಲಾರಾದ ಆಗ್ನ್ಯೂಸ್ ಆವರಣ ಸಿಗುತ್ತದೆ. 1990ರ ದಶಕದಲ್ಲಿ ಅದನ್ನು ಸನ್ ಕಂಪ್ಯೂಟರ್ ಕಂಪನಿ ಕೊಂಡಿತು. 2010ರಲ್ಲಿ ಆ ಕಂಪನಿಯೇ ಒರೇಕಲ್ ಪಾಲಾಯಿತು. ಅದಕ್ಕೂ ಹಿಂದೆ ಅಲ್ಲಿದ್ದುದು ಸರ್ಕಾರಿ ಮಾನಸಿಕ ಆಸ್ಪತ್ರೆ. 1906ರ ಭೂಕಂಪದಲ್ಲಿ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. ಮತ್ತೆ ಕಟ್ಟುವಾಗ ಅದನ್ನೊಂದು ಪುಟ್ಟ ಊರಿನಂತೆ ಕಟ್ಟಿದರು. ತರಕಾರಿ ಹೊಲ, ಹಂದಿ ಸಾಕಣೆ ಎಲ್ಲವೂ ಇದ್ದವು.

ಆ ಕಾಲದ ಇಂಥ ಆಸ್ಪತ್ರೆಗಳಲ್ಲಿ ರೋಗಿಗಳೇ ಹೊಲದಲ್ಲಿ ದುಡಿಯುತ್ತಿದ್ದರು, ಹೆಚ್ಚಾಗಿ ಕೂಲಿಯಿಲ್ಲದೆ. ದುಡಿಸಿಕೊಂಡರೆ ಕೂಲಿ ಕೊಡಬೇಕೆಂದು 1973ರಲ್ಲಿ ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ನ್ಯಾಯವಾದ ಮಾತೇ. ಆದರೆ ಹಲವು ಆಸ್ಪತ್ರೆಗಳು ಕೂಲಿ ಕೊಡುವ ಬದಲು ಕೆಲಸವನ್ನೇ ನಿಲ್ಲಿಸಿದವು!

ಬೆಲ್ಜಿಯಂ ದೇಶದ ಗೀಲ್ ಎಂಬ ಊರಿನ ರೀತಿ ಬೇರೆ. ಶತಮಾನಗಳಿಂದ ಅಲ್ಲಿನ ರೈತ ಕುಟುಂಬಗಳು ಮಾನಸಿಕ ರೋಗಿಗಳನ್ನು ಮನೆಯಲ್ಲಿಟ್ಟುಕೊಂಡು ಬಂದಿವೆ. 1930ರ ದಶಕದ ಕೊನೆಗೆ ಇಂಥವರು 3700ಕ್ಕೂ ಹೆಚ್ಚು ಮಂದಿ ಇದ್ದರು. ಮನೆಯವರೊಡನೆ ಹೊಲಕ್ಕೆ ಹೋಗಿ, ಅವರೊಡನೆಯೇ ಊಟಕ್ಕೆ ಕೂರುತ್ತಿದ್ದರು. ಆ ಮಣ್ಣಿನಲ್ಲಿ ವಿಶೇಷವೇನೂ ಇಲ್ಲ. ಜೊತೆಯಲ್ಲಿ ದುಡಿಯುವ ಜನರಿದ್ದರು, ಅಷ್ಟೆ.

ಇದನ್ನು ಓದಿದಾಗ ನಮ್ಮ ಚಿಕ್ಕಪ್ಪನವರು ನೆನಪಾದರು. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎನ್ನುತ್ತಿದ್ದರು. ಆದರೂ ಅಡಿಕೆ ತೋಟಕ್ಕೆ ನೀರು ಬಿಡುವುದು, ದನಗಳಿಗೆ ಹುಲ್ಲು ತರುವುದು ಅವರದೇ ಕೆಲಸ. ಊಟಕ್ಕೆ ಎಲ್ಲರ ಪಂಕ್ತಿಯಲ್ಲೇ ಕೂರುತ್ತಿದ್ದರು. ಆಸ್ತಿ ಪಾಲಾಗಿ ತೋಟ ಮಾರಿದ ಮೇಲೆ ಪೇಟೆಯ ಮನೆಗೆ ಕರೆತಂದೆವು. ಅನ್ನಕ್ಕೆ, ಮಾತ್ರೆಗೆ ಕೊರತೆ ಮಾಡಲಿಲ್ಲ. ಕೆಲಸ ಮಾತ್ರ ಕೊಡಲಿಲ್ಲ. ನೆಂಟರು ಬಂದರೆ ಒಳಕೋಣೆಯಲ್ಲಿ ಇರಿಸುತ್ತಿದ್ದೆವು. ಆ ಕೋಣೆಗೂ ಆಸ್ಪತ್ರೆಯ ಗೋಡೆಗೂ ಏನು ವ್ಯತ್ಯಾಸ?

ಮಾನಸಿಕ ರೋಗಿಗೂ ಸಮಾಜದ ನಡುವೆ ಬಾಳುವ ಹಕ್ಕಿದೆ, ಒಲ್ಲದ ಕೆಲಸ ಮಾಡಿಸಬಾರದು, ಮಾಡಿದ ಕೆಲಸಕ್ಕೆ ತಕ್ಕ ಸಂಬಳ ಕೊಡಬೇಕು ಎನ್ನುತ್ತದೆ ಭಾರತದ 2017ರ ಕಾನೂನು. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ಕೆಲಸಗಳಲ್ಲಿ ತೋಟಗಾರಿಕೆಗೂ ಜಾಗವಿದೆ. ಹಾಗೆಂದು ಔಷಧಿ ಬೇಡವೆಂದು ಯಾರೂ ತಿಳಿಯಬಾರದು. ಔಷಧಿ ಬೇಕು, ಅದರ ಜೊತೆಗೆ ಬೆಳಗ್ಗೆ ಎದ್ದರೆ ಕಾಯುವ ಒಂದು ಕೆಲಸವೂ ಬೇಕು.

ನಮ್ಮ ಕೂಟಗಳಿಗೆ ಬಾರದೆ ಮನೆಯೊಳಗೇ ಉಳಿದವರು ನಮ್ಮಲ್ಲೂ ಇರಬಹುದು. ಮುಂದಿನ ಯುಗಾದಿಗೆ ತರಕಾರಿ ಹೆಚ್ಚಲು, ಎಲೆ ಹಾಕಲು ಅವರನ್ನೂ ಕರೆಯೋಣ. ಬರುವುದು ಬಿಡುವುದು ಅವರ ಇಷ್ಟ. ಬಂದರೆ ನಮ್ಮ ಪಂಕ್ತಿಯಲ್ಲೇ ಎಲೆ ಹಾಕೋಣ.