ಪಾದವನ್ನು ಹಿಡಿಯುವ ಪೆಡಲು

ನಮ್ಮ ಕಡೆಯ ಮನೆಗಳ ಪಡಸಾಲೆಯಲ್ಲಿ ಈಚೆಗೆ ಒಂದು ವಿಚಿತ್ರವಾದ ಪಾದರಕ್ಷೆಯು ಕಾಣಸಿಗತೊಡಗಿದೆ. ಮೇಲ್ನೋಟಕ್ಕೆ ಅದು ಸಾಮಾನ್ಯ ಬೂಟಿನಂತೆಯೇ ಇದೆ. ಆದರೆ ಕೈಯಲ್ಲೆತ್ತಿ ನೋಡಿದರೆ ಅದರ ಅಟ್ಟೆಯು ಹಲಗೆಯಂತೆ ಬಿರುಸು, ಬಗ್ಗಿಸಿದರೆ ಬಗ್ಗದು. ಅಂಗಾಲಿನ ಉಬ್ಬು ಕೂಡುವ ಜಾಗದ ಕೆಳಗೆ ಲೋಹದ್ದೋ ಪ್ಲಾಸ್ಟಿಕ್ಕಿನದೋ ಆದ ಒಂದು ತುಂಡು ತಿರುಪುಗಳಿಂದ ಬಿಗಿಯಲ್ಪಟ್ಟಿರುತ್ತದೆ. ಇದಕ್ಕೆ ಕ್ಲೀಟ್ ಎಂದು ಹೆಸರು. ಇದು ಸೈಕಲ್ಲಿನ ಪೆಡಲಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಮಕ್ಕಳೂ ಮೊಮ್ಮಕ್ಕಳೂ ಇಂತಹ ಬೂಟನ್ನು ತೊಟ್ಟು, ಕಾಲನ್ನು ಪೆಡಲಿಗೆ ಸಿಕ್ಕಿಸಿಕೊಂಡು ಹೆದ್ದಾರಿಗೆ ಹೊರಡುವುದನ್ನು ಕಂಡ ಹಿರಿಯರ ಎದೆ ಝಲ್ಲೆನ್ನುವುದು ಸಹಜವೇ ಆಗಿದೆ. ಆ ಭಯದಲ್ಲಿ ಎಷ್ಟು ನಿಜ, ಎಷ್ಟು ಊಹೆ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಹೆಸರಿನ ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ಈ ಪೆಡಲನ್ನು ‘ಕ್ಲಿಪ್‌ಲೆಸ್’, ಅಂದರೆ ಕ್ಲಿಪ್ ಇಲ್ಲದ ಪೆಡಲು ಎನ್ನುತ್ತಾರೆ. ಹೆಸರನ್ನಷ್ಟೇ ಕೇಳಿದವರು ಇದು ಕಾಲನ್ನು ಹಿಡಿಯದ ಪೆಡಲೆಂದು ಭಾವಿಸಿದರೆ ತಪ್ಪೇನಿಲ್ಲ. ವಸ್ತುಸ್ಥಿತಿಯು ಮಾತ್ರ ಅದಕ್ಕೆ ತೀರ ವಿರುದ್ಧ. ಇಲ್ಲಿ ಇಲ್ಲದಿರುವುದು ಹಳೆಯ ಕಾಲದ ಬೆರಳುಗೂಡು. ಹಿಂದೆ ಪಂದ್ಯದ ಸವಾರರು ಪೆಡಲಿನ ಮುಂಭಾಗಕ್ಕೆ ಉಕ್ಕಿನ ಪಂಜರವೊಂದನ್ನು ಜೋಡಿಸಿ, ಅದರೊಳಗೆ ಬೆರಳುಗಳನ್ನು ತೂರಿಸಿ, ಮೇಲೆ ಚರ್ಮದ ಪಟ್ಟಿಯನ್ನು ಎಳೆದು ಬಿಗಿದುಕೊಳ್ಳುತ್ತಿದ್ದರು. ಆ ಪಂಜರಕ್ಕೆ ಕ್ಲಿಪ್ ಎಂದು ಹೆಸರಿತ್ತು. ಇಳಿಯಬೇಕಾದರೆ ಓಡುತ್ತಿರುವ ಸೈಕಲ್ಲಿನ ಮೇಲೆಯೇ ಬಗ್ಗಿ, ಕೈಯಿಂದ ಪಟ್ಟಿಯನ್ನು ಸಡಿಲಿಸಬೇಕಾಗುತ್ತಿತ್ತು. ಮರೆತವನ ಗತಿಯನ್ನು ಹೇಳಬೇಕಾಗಿಲ್ಲ. ಹೀಗೆ, ಮಹಾ ಬಂಧನವೆಂದು ನಮಗೆ ತೋರುವ ಇಂದಿನ ಪೆಡಲು ವಾಸ್ತವದಲ್ಲಿ ಅದಕ್ಕಿಂತ ಕಠಿಣವಾದ ಬಂಧನವೊಂದನ್ನು ಸಡಿಲಿಸಲು ಹುಟ್ಟಿದುದು.

ಈ ದಿಕ್ಕಿನಲ್ಲಿ ಇಟಲಿಯ ಚಿನೋ ಚಿನೆಲ್ಲಿಯವರ ಕಾರ್ಖಾನೆಯು 1971ರಲ್ಲಿಯೇ ಎಂ 71 ಎಂಬ ಪೆಡಲನ್ನು ತಂದಿತ್ತು. ಪಟ್ಟಿ ಹೋಯಿತು, ಪಂಜರ ಹೋಯಿತು. ಆದರೆ ಕಾಲನ್ನು ಬಿಡಿಸಲು ಕೈಯಿಂದ ಒಂದು ಸನ್ನೆಯನ್ನು ಸರಿಸಬೇಕಾಗಿದ್ದುದರಿಂದ ಮೂಲದ ತೊಡಕು ಹಾಗೆಯೇ ಉಳಿಯಿತು. ಆ ತೊಡಕನ್ನು ಬಿಡಿಸಿದವರು ಸೈಕಲ್ಲಿನವರಲ್ಲ, ಹಿಮದ ಇಳಿಜಾರಿನವರು ಎಂಬುದು ಸ್ವಾರಸ್ಯದ ಸಂಗತಿ. ಫ್ರಾನ್ಸಿನ ನೆವೇರ್ ಪಟ್ಟಣದ ಲುಕ್ ಎಂಬ ಸಂಸ್ಥೆಯು ಹಿಮಜಾರು ಹಲಗೆಗಳಿಗೆ ಬೂಟನ್ನು ಕಟ್ಟುವ ಕೊಂಡಿಗಳನ್ನು ತಯಾರಿಸುತ್ತಿತ್ತು. ಜಾರುವವನು ಬಿದ್ದು ಕಾಲು ತಿರುಚಿಕೊಂಡಾಗ, ಎಲುಬು ಮುರಿಯುವ ಮೊದಲೇ ಬೂಟನ್ನು ಬಿಟ್ಟುಕೊಡುವುದು ಆ ಕೊಂಡಿಯ ಗುಣ. ಅದೇ ಸಂಸ್ಥೆಯು 1984ರಲ್ಲಿ ಇದೇ ತತ್ತ್ವವನ್ನು ಪೆಡಲಿಗೆ ಅಳವಡಿಸಿ ಮಾರುಕಟ್ಟೆಗೆ ತಂದಿತು. ಮರುವರ್ಷವೇ, 1985ರಲ್ಲಿ, ಫ್ರಾನ್ಸಿನ ಬರ್ನಾರ್ ಈನೋ ಈ ಪೆಡಲನ್ನೇ ತುಳಿದು ಟೂರ್ ದ ಫ್ರಾನ್ಸ್ ಮಹಾಪಂದ್ಯವನ್ನು ಐದನೆಯ ಬಾರಿ ಗೆದ್ದರು. ಅಲ್ಲಿಂದ ಮುಂದೆ ಕೆಲವೇ ವರ್ಷಗಳಲ್ಲಿ ಪಂದ್ಯಗಳಿಂದ ಚರ್ಮದ ಪಟ್ಟಿಯು ಮಾಯವಾಯಿತು. 1990ರಲ್ಲಿ ಜಪಾನಿನ ಶಿಮಾನೋ ಸಂಸ್ಥೆಯು ಗುಡ್ಡಗಾಡಿನ ಸವಾರಿಗೆಂದು ಎಸ್‌ಪಿಡಿ ಎಂಬ ಚಿಕ್ಕ ಕ್ಲೀಟಿನ ಪೆಡಲನ್ನು ಹೊರತಂದಿತು. ಇಂದು ನಮ್ಮ ಅಂಗಡಿಗಳಲ್ಲಿ ದೊರೆಯುವುದೆಲ್ಲ ಬಹುಮಟ್ಟಿಗೆ ಈ ಎರಡು ವಂಶಗಳ ಸಂತಾನವೇ.

ನಮ್ಮ ಬಂಧುಗಳ ಮನೆಯೊಂದರಲ್ಲಿ ಹದಿನಾಲ್ಕರ ಹುಡುಗಿಗೆ ಇಂತಹ ಪೆಡಲನ್ನು ಕೊಡಿಸಿದಾಗ ಅವಳ ಅಜ್ಜಿ ಕೇಳಿದ ಪ್ರಶ್ನೆ ಒಂದೇ: ‘ಬೀಳುವ ಹೊತ್ತಿಗೆ ಕಾಲು ಹೊರಗೆ ಬರುವುದು ಹೇಗೆ?’ ಆ ಹಿರಿಯ ಜೀವವು ಇಡೀ ವಿದ್ಯೆಯ ಮರ್ಮವನ್ನೇ ಕೇಳಿತೆಂದು ನನಗನ್ನಿಸಿತು. ಕುದುರೆ ಸವಾರಿಯನ್ನು ಬಲ್ಲವರಿಗೆ ಇದು ಹಳೆಯ ಪ್ರಶ್ನೆ. ರಿಕಾಪಿನೊಳಗೆ ಪಾದ ಪೂರ್ತಿ ತೂರಿ ಸಿಕ್ಕಿಬಿದ್ದರೆ, ಬಿದ್ದ ಸವಾರನನ್ನು ಕುದುರೆ ನೆಲದ ಮೇಲೆ ಎಳೆದೊಯ್ಯುತ್ತದೆ. ಸವಾರರ ಬೂಟಿಗೆ ಎತ್ತರದ ಹಿಮ್ಮಡಿ ಇರುವುದು ಪಾದ ಹಾಗೆ ತೂರದಿರಲೆಂದೇ. ಸೈಕಲ್ಲಿನ ಪೆಡಲಿನಲ್ಲಿ ಉತ್ತರವಿರುವುದು ಹಿಮ್ಮಡಿಯ ತಿರುವಿನಲ್ಲಿ. ಒಳಸೇರುವಾಗ ಕ್ಲೀಟಿನ ಮೂತಿಯನ್ನು ಪೆಡಲಿನ ಮುಂದಿನ ಕೊಕ್ಕೆಗೆ ತಾಗಿಸಿ ಕೆಳಗೆ ಒತ್ತಿದರೆ ‘ಟಕ್’ ಎಂಬ ಸದ್ದಿನೊಡನೆ ಕಚ್ಚಿಕೊಳ್ಳುತ್ತದೆ. ಹೊರಬರಲು ಮೇಲಕ್ಕೆ ಎಳೆಯಬಾರದು. ಎಳೆದಷ್ಟೂ ಅದು ಹಿಡಿದೇ ಇರುತ್ತದೆ. ಹಿಮ್ಮಡಿಯನ್ನು ಸೈಕಲ್ಲಿನಿಂದ ಹೊರಕ್ಕೆ, ಬಾಗಿಲನ್ನು ತೆರೆದಂತೆ, ತಿರುಗಿಸಿದರೆ ಸ್ಪ್ರಿಂಗು ಸರಿದು ಪಾದ ಬಿಡುಗಡೆಯಾಗುತ್ತದೆ. ಗಾಬರಿಯಾದ ಮನುಷ್ಯನು ಸ್ವಭಾವತಃ ಕಾಲನ್ನು ಮೇಲಕ್ಕೆಳೆಯುತ್ತಾನೆ. ಪೆಡಲು ಬೇಡುವುದೋ ಪಕ್ಕದ ತಿರುವನ್ನು. ಈ ಎರಡರ ನಡುವಿನ ಅಂತರವನ್ನು ಅಭ್ಯಾಸದಿಂದ ಅಳಿಸಬೇಕಲ್ಲದೆ ಧೈರ್ಯದಿಂದ ಅಳಿಸಲಾಗದು.

ಆ ಹುಡುಗಿಯ ಅಭ್ಯಾಸವನ್ನು ಕೆಲವು ದಿನ ಹತ್ತಿರದಿಂದ ನೋಡಿದೆನಾದ್ದರಿಂದ ಅದನ್ನಿಲ್ಲಿ ವಿವರಿಸುವುದು ಉಚಿತ. ಮೊದಲ ಎರಡು ದಿನ ಸೈಕಲ್ಲು ಅಂಗಳವನ್ನು ಬಿಟ್ಟು ಹೋಗಲಿಲ್ಲ. ಪಡಸಾಲೆಯ ಕಂಬಕ್ಕೆ ಒಂದು ಕೈ ಕೊಟ್ಟು, ಸೀಟಿನ ಮೇಲೆ ಕುಳಿತು, ಬಲಗಾಲೊಂದನ್ನೇ ಸೇರಿಸುವುದು, ಬಿಡಿಸುವುದು, ಇಪ್ಪತ್ತು ಸಲ. ಅನಂತರ ಎಡಗಾಲು, ಮತ್ತೆ ಇಪ್ಪತ್ತು ಸಲ. ಪೆಡಲಿನ ಸ್ಪ್ರಿಂಗನ್ನು ಅಲೆನ್ ಕೀಲಿಯಿಂದ ಆದಷ್ಟು ಸಡಿಲಕ್ಕೆ ತಿರುಗಿಸಿಡಲಾಗಿತ್ತು. ಹೊಸಬರು ಮೊದಲು ಮಾಡಬೇಕಾದ ಕೆಲಸವಿದು, ಆದರೆ ಸೈಕಲ್ಲನ್ನು ಮಾರುವವರಲ್ಲಿ ಎಷ್ಟೋ ಜನ ಇದನ್ನು ಹೇಳಿಕೊಡುವುದಿಲ್ಲ. ಮೂರನೆಯ ದಿನ ಹುಲ್ಲು ಬೆಳೆದ ಬಯಲಿನಲ್ಲಿ ಒಂದು ಕಾಲನ್ನು ಮಾತ್ರ ಸೇರಿಸಿಕೊಂಡು ನಿಧಾನವಾಗಿ ಸುತ್ತಿದಳು. ಎರಡೂ ಕಾಲುಗಳು ಸೇರಿದ್ದು ಐದನೆಯ ದಿನ. ಅಷ್ಟರಲ್ಲಿ ಅವಳು ಕಣ್ಣಿನಿಂದ ಪೆಡಲನ್ನು ಹುಡುಕುವುದನ್ನು ಬಿಟ್ಟಿದ್ದಳು, ಪಾದವೇ ಹುಡುಕಿಕೊಳ್ಳುತ್ತಿತ್ತು. ಹಾವುಗೆಯನ್ನು ಮೆಟ್ಟಿ ನಡೆಯಲು ಕಲಿತವರಿಗೆ ಈ ಅನುಭವ ಹೊಸದಲ್ಲ. ಮೊದಮೊದಲು ಉಂಗುಟವೂ ಪಕ್ಕದ ಬೆರಳೂ ಗುಬ್ಬಿಯನ್ನು ಹಿಡಿದು ಹಿಡಿದು ನೋಯುತ್ತವೆ. ಬರಬರುತ್ತ ಹಿಡಿಯುತ್ತಿದ್ದೇವೆಂಬುದೇ ಮರೆತುಹೋಗುತ್ತದೆ.

ಹಾಗೆಂದು ಅವಳು ಬೀಳಲಿಲ್ಲವೆಂದು ಹೇಳುವಂತಿಲ್ಲ. ಆರನೆಯ ದಿನ ಬಾಗಿಲ ಮುಂದೆಯೇ ಬಿದ್ದಳು. ಕ್ಲಿಪ್‌ಲೆಸ್ ಕಲಿಯುವವರ ಮೊದಲ ಬೀಳು ಬಹುಪಾಲು ಇದೇ ಬಗೆಯದು: ವೇಗದಲ್ಲಲ್ಲ, ನಿಂತಲ್ಲಿ. ಸಿಗ್ನಲ್ಲಿನಲ್ಲೋ ಮನೆಯ ಮುಂದೆಯೋ ಸೈಕಲ್ಲು ಪೂರ್ತಿ ನಿಂತ ಮೇಲೆ ಕಾಲಿನ ನೆನಪಾಗುತ್ತದೆ; ಅಷ್ಟರಲ್ಲಿ ಸಮತೋಲ ಹೋಗಿ ಕಡಿದ ಮರದಂತೆ ಪಕ್ಕಕ್ಕೆ ಒರಗುತ್ತಾರೆ. ಇನ್ನೊಂದು ಬಗೆಯೂ ಉಂಟು. ಎಡಗಾಲನ್ನು ಬಿಡಿಸಿಕೊಂಡಿರುತ್ತಾರೆ, ಸೈಕಲ್ಲು ಬಲಕ್ಕೆ ವಾಲುತ್ತದೆ. ಆದ್ದರಿಂದ ಬ್ರೇಕನ್ನು ಮುಟ್ಟುವ ಮೊದಲೇ, ನಿಲ್ಲುವ ಜಾಗ ಇನ್ನೂ ಹತ್ತು ಹದಿನೈದು ಮೀಟರು ದೂರವಿರುವಾಗಲೇ, ಒಂದು ಕಾಲನ್ನು ಬಿಡಿಸಿಡಬೇಕು. ಅದು ಯಾವಾಗಲೂ ಒಂದೇ ಕಾಲಾಗಿರಬೇಕು. ನಿಲ್ಲುವಾಗ ಭಾರವನ್ನು ಅದೇ ಪಕ್ಕಕ್ಕೆ ಒಲಿಸಬೇಕು. ಬೀಳುವುದು ತಪ್ಪದೆಂದಾದಾಗ ಕೈಯನ್ನು ನೆಲಕ್ಕೆ ಚಾಚದೆ ಹ್ಯಾಂಡಲಿನಲ್ಲಿಯೇ ಇರಿಸಿಕೊಂಡರೆ ಮಣಿಕಟ್ಟು ಉಳಿಯುವ ಸಂಭವ ಹೆಚ್ಚು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲು ಇರುವ ರಸ್ತೆಯಲ್ಲಿ, ಸಂತೆಯ ದಿನ ಊರ ನಡುವೆ, ನಾಯಿಗಳಿರುವ ಓಣಿಯಲ್ಲಿ ಒಂದು ಕಾಲನ್ನು ಬಿಡಿಸಿಕೊಂಡೇ ಸಾಗುವುದು ಲೇಸು. ಇದನ್ನು ಅಂಜುಬುರುಕತನವೆಂದು ನಗುವ ಗೆಳೆಯರಿದ್ದರೆ ನಗಲಿ.

ಯಾವ ಬಗೆಯನ್ನು ಕೊಳ್ಳಬೇಕೆಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಮೂರು ತಿರುಪಿನ ದೊಡ್ಡ ಪ್ಲಾಸ್ಟಿಕ್ ಕ್ಲೀಟು ಪಂದ್ಯದ ರಸ್ತೆಗೆ ಯೋಗ್ಯ. ಆದರೆ ಅದು ಅಟ್ಟೆಯಿಂದ ಹೊರಚಾಚಿರುವುದರಿಂದ ನಡೆದರೆ ಬಾತುಕೋಳಿಯ ನಡಿಗೆ. ನುಣುಪು ಕಲ್ಲುಹಾಸಿನ ಮೇಲಂತೂ ಜಾರಿ ಬೀಳುವ ಅಪಾಯವು ಸೈಕಲ್ಲಿನ ಮೇಲಿಗಿಂತ ಹೆಚ್ಚು. ಎರಡು ತಿರುಪಿನ ಎಸ್‌ಪಿಡಿ ಕ್ಲೀಟು ಲೋಹದ್ದು. ಅಟ್ಟೆಯ ಗುಳಿಯೊಳಗೆ ಹುದುಗಿರುವುದರಿಂದ ನಡೆಯಬಹುದು, ಸವೆಯುವುದೂ ನಿಧಾನ, ಪೆಡಲಿನ ಎರಡೂ ಮುಖಗಳಿಗೆ ಕಚ್ಚುತ್ತದೆ. ಇದರಲ್ಲಿಯೇ ಎಸ್‌ಎಚ್ 56 ಎಂಬ ಕ್ಲೀಟು ಪಕ್ಕದ ತಿರುವಿಗಷ್ಟೇ ಅಲ್ಲದೆ ಬೇರೆ ದಿಕ್ಕಿನ ಜೋರಾದ ಎಳೆತಕ್ಕೂ ಬಿಟ್ಟುಕೊಡುವಂತಹುದು. ಕಲಿಯುವವರಿಗೆ ಇದೇ ತಕ್ಕುದು. ಒಂದು ಎಚ್ಚರಿಕೆ: ನಮ್ಮ ಎರೆಭೂಮಿಯಲ್ಲಿ ಮಳೆಗಾಲದಂದು ಬೂಟು ಮೆಟ್ಟಿ ನಾಲ್ಕು ಹೆಜ್ಜೆ ನಡೆದರೆ ಆ ಗುಳಿಯೊಳಗೆ ಎರೆಮಣ್ಣು ಮೆತ್ತಿಕೊಂಡು ಕ್ಲೀಟು ಕಚ್ಚುವುದೇ ಇಲ್ಲ, ಅರೆಬರೆ ಕಚ್ಚಿದರೆ ಸುಲಭವಾಗಿ ಬಿಡುವುದೂ ಇಲ್ಲ. ಕಡ್ಡಿಯಿಂದ ಕೆರೆದು ತೆಗೆದ ಮೇಲೆಯೇ ಹತ್ತಬೇಕು.

ಬೀಳುವುದಕ್ಕಿಂತ ಹೆಚ್ಚಿನ ಚಿಂತೆಯ ವಿಷಯ ಮೊಣಕಾಲು. ಪಾಲಕರು ಗಮನಿಸದಿರುವುದೂ ಅದನ್ನೇ. ಸಾಮಾನ್ಯ ಪೆಡಲಿನ ಮೇಲೆ ಪಾದವು ತನಗೆ ಬೇಕಾದಂತೆ ಹೊರಳಿಕೊಳ್ಳುತ್ತದೆ. ಕ್ಲೀಟು ಅದನ್ನು ಒಂದೇ ಕೋನದಲ್ಲಿ ನಿಲ್ಲಿಸುತ್ತದೆ. ನಿಮಿಷಕ್ಕೆ ತೊಂಬತ್ತು ಸುತ್ತಿನಂತೆ ತುಳಿದರೆ ಒಂದು ಗಂಟೆಗೆ ಒಂದೊಂದು ಮೊಣಕಾಲು 5,400 ಬಾರಿ ಮಡಿಚಿ ಬಿಚ್ಚುತ್ತದೆ. ಕ್ಲೀಟು ಸ್ವಲ್ಪವೇ ಓರೆಯಾಗಿದ್ದರೂ ಆ ಓರೆಯನ್ನು ಅಷ್ಟು ಬಾರಿಯೂ ಮೊಣಕಾಲು ಹೊರಬೇಕಾಗುತ್ತದೆ. ಮೊಣಕಾಲಿನ ನೋವು ಎಂತಹ ಸವಾರನನ್ನೂ ಬಿಡದು: ಮೇಲೆ ಹೆಸರಿಸಿದ ಈನೋ ಅವರೇ 1980ರ ಟೂರಿನಲ್ಲಿ ಮುಂಚೂಣಿಯಲ್ಲಿರುವಾಗ ಮೊಣಕಾಲಿನ ಬೇನೆಯಿಂದ ಹಿಂದೆ ಸರಿದಿದ್ದರು. ಈ ಕಾರಣದಿಂದಲೇ ಇಂದಿನ ಕ್ಲೀಟುಗಳಲ್ಲಿ ಪಾದವು ಕೆಲವು ಡಿಗ್ರಿ ಅತ್ತಿತ್ತ ಆಡುವ ಸಡಿಲವನ್ನು ಇಟ್ಟಿರುತ್ತಾರೆ. ಲುಕ್ ಕಿಯೋ ಎಂಬ ಮಾದರಿಯಲ್ಲಿ ಕಪ್ಪು ಬಣ್ಣದ್ದಕ್ಕೆ ಸಡಿಲವಿಲ್ಲ, ಬೂದಿಗೆ 4.5 ಡಿಗ್ರಿ, ಕೆಂಪಿಗೆ 9 ಡಿಗ್ರಿ. ಶಿಮಾನೋದ ರಸ್ತೆ ಕ್ಲೀಟಿನಲ್ಲಿ ಕೆಂಪಿಗೆ ಸಡಿಲವಿಲ್ಲ, ಹಳದಿಗೆ 6 ಡಿಗ್ರಿ. ಒಂದೇ ಬಣ್ಣಕ್ಕೆ ಎರಡು ಮನೆಯಲ್ಲಿ ವಿರುದ್ಧ ಅರ್ಥವಿರುವುದನ್ನು ಕೊಳ್ಳುವವರು ಗಮನಿಸಬೇಕು.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತಾಪಿ ಮನೆಗಳಿಂದ ಸೈಕಲ್ ಪಂದ್ಯಗಳಿಗೆ ಹೋಗುವ ಮಕ್ಕಳು ಬಹಳ. ಈ ಬೂಟುಗಳು ದುಬಾರಿ. ಬೆಳೆಯುವ ಪಾದಕ್ಕೆ ಬೇಗನೆ ಬಿಗಿಯಾಗುತ್ತವೆ. ಅಣ್ಣನ ಬೂಟು ತಮ್ಮನಿಗೆ ಬರುವುದು ಮನೆತನದ ಮಿತವ್ಯಯ, ಅದನ್ನು ಆಕ್ಷೇಪಿಸಲಾರೆ. ಆದರೆ ಅಣ್ಣನ ಪಾದಕ್ಕೆ ಹೊಂದಿಸಿದ ಕ್ಲೀಟಿನೊಡನೆಯೇ ಅದನ್ನು ತೊಡಿಸಕೂಡದು. ಅಂಗಾಲಿನ ಉಬ್ಬು ಪೆಡಲಿನ ಅಚ್ಚಿನ ಮೇಲೆ ಬರುವಂತೆ, ಮಗುವು ಮೇಜಿನ ಮೇಲೆ ಕುಳಿತು ಕಾಲು ಇಳಿಬಿಟ್ಟಾಗ ಪಾದವು ಸಹಜವಾಗಿ ಎತ್ತ ನೋಡುತ್ತದೆಯೋ ಅತ್ತಲೇ ಬೂಟೂ ನೋಡುವಂತೆ ತಿರುಪನ್ನು ಸಡಿಲಿಸಿ ಹೊಂದಿಸಬೇಕು. ಎರಡು ಪಾದಗಳ ಕೋನವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಹೊಸ ಜೋಡಣೆಯ ಮೇಲೆ ಮೊಣಕಾಲು ನೊಂದರೆ ‘ಅಭ್ಯಾಸವಾದರೆ ಸರಿಹೋಗುತ್ತದೆ’ ಎನ್ನದೆ ಕ್ಲೀಟನ್ನು ಸರಿಸಿ ನೋಡಬೇಕು. ನೋವು ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಬೇಕು.

ಇಷ್ಟೆಲ್ಲ ಪಡಿಪಾಟಲು ಏತಕ್ಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಕಾಲು ಕಟ್ಟಿಕೊಂಡರೆ ಮೇಲೆ ಬರುವ ಪೆಡಲನ್ನೂ ಎಳೆದು ಶಕ್ತಿ ಇಮ್ಮಡಿಸಬಹುದೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. 2007ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಬೇಕೆಂದೇ ಮೇಲಕ್ಕೆಳೆದು ತುಳಿದ ಸವಾರರು ಅದೇ ಕೆಲಸಕ್ಕೆ ಹೆಚ್ಚು ಚೈತನ್ಯವನ್ನು ವ್ಯಯಿಸಿದುದು ಕಂಡುಬಂದಿತು. ನಿಜವಾದ ಲಾಭ ಬೇರೆ. ಸೀಟಿನಿಂದೆದ್ದು ರಭಸದಿಂದ ತುಳಿಯುವಾಗ, ಒದ್ದೆ ರಸ್ತೆಯಲ್ಲಿ, ಗುಂಡಿಯ ಕುಲುಕಿನಲ್ಲಿ ಪಾದ ಜಾರುವುದಿಲ್ಲ; ಪ್ರತಿ ಸಲವೂ ಒಂದೇ ಜಾಗದಲ್ಲಿರುತ್ತದೆ. ಪಂದ್ಯಕ್ಕೆ ಹೋಗುವವರಿಗೆ, ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರು ತುಳಿಯುವವರಿಗೆ ಇದು ಬೇಕು. ಹಾಲಿನ ಡೇರಿಗೂ ಶಾಲೆಗೂ ಹೋಗಿಬರುವವರಿಗೆ ಸಾಮಾನ್ಯ ಪೆಡಲೇ ಸಾಕು. ಅವರು ಏನನ್ನೂ ಕಳೆದುಕೊಳ್ಳುತ್ತಿಲ್ಲ.

ಕೊನೆಯದಾಗಿ ಸವೆತದ ಮಾತು. ಸವೆದ ಪ್ಲಾಸ್ಟಿಕ್ ಕ್ಲೀಟು ಬೇಡವಾದಾಗ ಬಿಟ್ಟುಕೊಡುತ್ತದೆ. ನಿಂತು ತುಳಿಯುವಾಗ ಹಾಗಾದರೆ ಎದೆ ಹ್ಯಾಂಡಲಿಗೆ ಅಪ್ಪಳಿಸುತ್ತದೆ. ತಿಂಗಳಿಗೊಮ್ಮೆ ಬೂಟನ್ನು ಮಗುಚಿ ಕ್ಲೀಟಿನ ಅಂಚನ್ನೂ ತಿರುಪುಗಳ ಬಿಗಿಯನ್ನೂ ನೋಡಬೇಕು. ತಿರುಪು ಸಡಿಲಾದರಂತೂ ಹಿಮ್ಮಡಿ ತಿರುಗಿದರೂ ಕ್ಲೀಟು ತಿರುಗದೆ ಕಾಲು ಸಿಕ್ಕಿಕೊಳ್ಳುವುದುಂಟು. ಬದಲಿಸುವ ಮುನ್ನ ಹಳೆಯ ಕ್ಲೀಟಿನ ಸುತ್ತ ಅಟ್ಟೆಯ ಮೇಲೆ ಪೆನ್ನಿನಿಂದ ಗೆರೆ ಎಳೆದುಕೊಂಡರೆ ಹೊಸದನ್ನು ಅದೇ ಜಾಗದಲ್ಲಿ ಕೂರಿಸಬಹುದು. ಹೊಸ ಕ್ಲೀಟು ಮೊದಲ ಕೆಲವು ದಿನ ಹಳೆಯದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆಯಾದ್ದರಿಂದ ಕಂಬದ ಆಸರೆಯಲ್ಲಿ ಹತ್ತು ಸಲ ಸೇರಿಸಿ ಬಿಡಿಸಿ ನೋಡಿ, ಆಮೇಲೆ ರಸ್ತೆಗೆ ಇಳಿಯತಕ್ಕದ್ದು.