ದಿಲ್ಲಿಯ ಬಾಯಿಗೆ ಎದುರು ನಿಂತ ಮುಂಬಯಿಯ ಲಟ್ಟಣಿಗೆ

ಮುಂಬಯಿ: ಉನ್ನತ ಹುದ್ದೆಗೆ ಮಹಿಳೆಯೊಬ್ಬರು ಸ್ಪರ್ಧಿಸಿದರೆ ಮಹಿಳೆಯರ ಮತವೆಲ್ಲ ಅವರಿಗೇ ಎಂಬ ಲೆಕ್ಕಾಚಾರ ಪ್ರತಿ ಚುನಾವಣೆಯಲ್ಲೂ ಕೇಳಿಬರುತ್ತದೆ. ಆ ಲೆಕ್ಕ ತಪ್ಪಿದರೆ 'ಹೆಣ್ಣಿಗೆ ಹೆಣ್ಣೇ ಶತ್ರು' ಎಂಬ ಮಾತು ಸಿದ್ಧವಾಗಿಯೇ ಇರುತ್ತದೆ. 1977ರ ಮಾರ್ಚ್ ತಿಂಗಳ ಮುಂಬಯಿಯನ್ನು ಕಂಡ ಹಿರಿಯರು ಈ ಎರಡೂ ಮಾತನ್ನು ಸುಲಭವಾಗಿ ಒಪ್ಪಲಾರರು. ಅಂದು ದೇಶದ ಮೊದಲ ಮಹಿಳಾ ಪ್ರಧಾನಿ ಇಂದಿರಾ ಗಾಂಧಿಯವರ ವಿರುದ್ಧದ ಪ್ರಚಾರದಲ್ಲಿ ಮುಂದೆ ನಿಂತವರಲ್ಲಿ ಈ ನಗರದ ಹೆಂಗಸರೂ ಇದ್ದರು. ಅವರ ಸಿಟ್ಟು ಹುಟ್ಟಿದ್ದು ರಾಜಕೀಯ ಸಭೆಯಲ್ಲಲ್ಲ, ರೇಷನ್ ಅಂಗಡಿಯ ಸಾಲಿನಲ್ಲಿ.

1971ರಲ್ಲಿ 'ಗರೀಬಿ ಹಟಾವೋ' ಘೋಷಣೆಗೆ ದೇಶವೇ ಮತ ಕೊಟ್ಟಿತ್ತು. ಆ ವರ್ಷದ ಕೊನೆಗೆ ಬಾಂಗ್ಲಾ ಯುದ್ಧವನ್ನು ಗೆದ್ದ ಮೇಲಂತೂ ಇಂದಿರಾಜಿ ದುರ್ಗೆಯೇ ಆದರು. ಮರುವರ್ಷವೇ ಮಹಾರಾಷ್ಟ್ರದಲ್ಲಿ ಭೀಕರ ಬರಗಾಲ ಬಿತ್ತು. ಧಾನ್ಯ, ಸಕ್ಕರೆ, ಅಡುಗೆ ಎಣ್ಣೆ, ಸೀಮೆಎಣ್ಣೆ ಒಂದೊಂದಾಗಿ ಅಂಗಡಿಯಿಂದ ಮಾಯವಾದವು. ಸಿಕ್ಕರೂ ಬೆಲೆ ಕೈಗೆಟಕುತ್ತಿರಲಿಲ್ಲ. ಚಾಳಿನಲ್ಲಿ ಸ್ಟವ್ ಹೊತ್ತಿಸಬೇಕಾದ ಹೆಣ್ಣಿಗೆ ದುರ್ಗೆಯ ಚಿತ್ರದಿಂದ ಆಗಬೇಕಾದ್ದೇನೂ ಇರಲಿಲ್ಲ.

1972ರಲ್ಲಿ ಸಮಾಜವಾದಿ ನಾಯಕಿ ಮೃಣಾಲ್ ಗೋರೆ, ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ಅಹಿಲ್ಯಾ ರಾಂಗಣೇಕರ್, ಕಮ್ಯುನಿಸ್ಟ್ ಪಕ್ಷದ ತಾರಾ ರೆಡ್ಡಿ ಮೊದಲಾದವರು ಪಕ್ಷಭೇದ ಬದಿಗಿಟ್ಟು ಬೆಲೆಯೇರಿಕೆ ವಿರುದ್ಧ ಸಂಯುಕ್ತ ಮಹಿಳಾ ಸಮಿತಿ ಕಟ್ಟಿದರು. ಸಾವಿರಾರು ಗೃಹಿಣಿಯರು ಕೈಯಲ್ಲಿ ಲಟ್ಟಣಿಗೆ ಹಿಡಿದು ಬೀದಿಗಿಳಿದರು. ಮರಾಠಿಯಲ್ಲಿ ಅದು 'ಲಾಟಣೆ ಮೋರ್ಚಾ' ಎಂದೇ ಪ್ರಸಿದ್ಧವಾಯಿತು. ಮನೆಯಿಂದ ಹೊರಬರಲಾಗದವರು ನಿಗದಿತ ಹೊತ್ತಿಗೆ ಬಾಗಿಲಲ್ಲೇ ನಿಂತು ಖಾಲಿ ತಟ್ಟೆ ಬಾರಿಸಿದರು. ಇದಕ್ಕೆ ಭಾಷಣ ಬೇಕಿರಲಿಲ್ಲ, ಮರಾಠಿ ಬಾರದವರಿಗೂ ತಟ್ಟೆಯ ಸದ್ದು ಅರ್ಥವಾಗುತ್ತಿತ್ತು. ಪುರುಷರ ಎಷ್ಟೋ ಯೂನಿಯನ್‌ಗಳು ಈ ಬಗೆಯ ಐಕ್ಯವನ್ನು ಸಾಧಿಸಲಾರದೆ ಹೋದವು ಎಂಬುದನ್ನೂ ಇಲ್ಲಿ ಹೇಳಬೇಕು.

ಮೃಣಾಲ್ ಗೋರೆಯವರದು ಗೋರೆಗಾಂವ್. ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟು ಸಮಾಜಸೇವೆಗೆ ಬಂದವರು. ಪತಿ ಕೇಶವ ಗೋರೆಯವರು 1958ರಲ್ಲಿ ತೀರಿಕೊಂಡ ಬಳಿಕ 1961ರಲ್ಲಿ ಮಹಾನಗರ ಪಾಲಿಕೆಗೆ ಆರಿಸಿ ಬಂದರು. ಉಪನಗರದ ನಳ್ಳಿ ನೀರಿಗಾಗಿ ಬಿಡದೆ ಹೋರಾಡಿ 'ಪಾನೀವಾಲಿ ಬಾಯಿ' ಎನಿಸಿಕೊಂಡರು. ಜನ ಅವರನ್ನು ಕರೆದದ್ದು ಮೃಣಾಲ್‌ತಾಯಿ ಎಂದು. ಮರಾಠಿಯ 'ತಾಯಿ' ನಮ್ಮ ಅಮ್ಮನಲ್ಲ, ಅಕ್ಕ.

1975ರ ಜೂನ್ 25ರಂದು ತುರ್ತುಪರಿಸ್ಥಿತಿ ಬಂತು. ಮೃಣಾಲ್‌ತಾಯಿ ಕೆಲಕಾಲ ಭೂಗತರಾಗಿದ್ದು ಬಳಿಕ ಸೆರೆಯಾದರು. ಅಹಿಲ್ಯಾತಾಯಿಯೂ ಜೈಲು ಸೇರಿದರು. 1976ರ ಮೇ ತಿಂಗಳಲ್ಲಿ ಚೆಂಬೂರು ಬಳಿಯ ಜನತಾ ಕಾಲೊನಿಯನ್ನು ನೆಲಸಮ ಮಾಡಿ ಸಾವಿರಾರು ಕುಟುಂಬಗಳನ್ನು ಚೀತಾ ಕ್ಯಾಂಪಿಗೆ ಸಾಗಿಸಲಾಯಿತು. ಅದೇ ವರ್ಷ ಮಹಾರಾಷ್ಟ್ರ ವಿಧಾನಮಂಡಲ ಕಡ್ಡಾಯ ಸಂತಾನಹರಣ ಶಸ್ತ್ರಚಿಕಿತ್ಸೆಯ ವಿಧೇಯಕವನ್ನು ಅಂಗೀಕರಿಸಿತು. ರಾಷ್ಟ್ರಪತಿಗಳ ಒಪ್ಪಿಗೆ ಸಿಗದೆ ಅದು ಜಾರಿಗೆ ಬರಲಿಲ್ಲ. ಆದರೆ ಬಾಗಿಲ ತನಕ ಬಂದ ಭಯ ಅಷ್ಟಕ್ಕೇ ಹೋಗುವಂಥದ್ದಲ್ಲ.

ಕನ್ನಡಿಗರ ಮಟ್ಟಿಗೆ ಆ ದಿನಗಳ ಅತಿ ದುಃಖದ ಹೆಸರು ಸ್ನೇಹಲತಾ ರೆಡ್ಡಿ ಅವರದು. 1970ರ 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದ್ದ ಈ ಕಲಾವಿದೆಯನ್ನು 1976ರಲ್ಲಿ ಬಂಧಿಸಿ ತಿಂಗಳುಗಟ್ಟಲೆ ಬೆಂಗಳೂರಿನ ಜೈಲಿನಲ್ಲಿ ಇರಿಸಲಾಯಿತು. ಆಸ್ತಮಾ ಪೀಡಿತೆಯಾದ ಅವರು ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಕೊನೆಯುಸಿರೆಳೆದರು. ಪ್ರಧಾನಿ ಹೆಣ್ಣು ಎಂಬ ಕಾರಣಕ್ಕೆ ಜೈಲಿನಲ್ಲಿದ್ದ ಹೆಣ್ಣಿಗೆ ಯಾವ ರಿಯಾಯಿತಿಯೂ ಸಿಗಲಿಲ್ಲ.

ಮಾರ್ಚ್‌ನಲ್ಲಿ ಚುನಾವಣೆ ನಡೆದಾಗ ಮುಂಬಯಿಯ ಗಲ್ಲಿಗಲ್ಲಿಯಲ್ಲಿ ಒಂದು ಘೋಷಣೆ ಓಡಾಡಿತು: ಪಾನೀವಾಲಿ ಬಾಯಿ ದಿಲ್ಲಿಗೆ, ದಿಲ್ಲಿವಾಲಿ ಬಾಯಿ ಪಾನಿಗೆ! ಮತಪೆಟ್ಟಿಗೆಯಲ್ಲಿ ಹೆಂಗಸರ ಚೀಟಿ ಬೇರೆ, ಗಂಡಸರ ಚೀಟಿ ಬೇರೆ ಇರುವುದಿಲ್ಲ ನಿಜ. ಆದರೂ ಮುಂಬಯಿ ಉತ್ತರದಿಂದ ಮೃಣಾಲ್ ಗೋರೆ, ಉತ್ತರ ಮಧ್ಯದಿಂದ ಅಹಿಲ್ಯಾ ರಾಂಗಣೇಕರ್ ಗೆದ್ದು ದಿಲ್ಲಿಗೆ ಹೋದರು. ಲಟ್ಟಣಿಗೆ ಮೋರ್ಚಾದ ಇಬ್ಬರೂ ಸಂಸತ್ತು ಸೇರಿದಾಗ ದಿಲ್ಲಿಯ ಬಾಯಿ ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಅವರೆದುರು 55 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತಿದ್ದರು.

ಇಷ್ಟೇ ಆಗಿದ್ದರೆ ಕಥೆ ಸರಳವಿತ್ತು. ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ ಗೆದ್ದಿತು. ಇದರ ಹಿಂದೆ ದೇವರಾಜ ಅರಸರ ಭೂಸುಧಾರಣೆ ಇತ್ತು. ದಕ್ಷಿಣ ಕನ್ನಡದಲ್ಲಿ ಡಿಕ್ಲರೇಶನ್ ಕೊಟ್ಟು ಗೇಣಿಯ ಗದ್ದೆಯನ್ನು ಸ್ವಂತ ಮಾಡಿಕೊಂಡ ಮನೆಗಳು ಅಸಂಖ್ಯ. ಆ ಮನೆಗಳ ಮಗ ಇಲ್ಲಿ ಹೋಟೆಲಿನಲ್ಲೋ ಮಿಲ್ಲಿನಲ್ಲೋ ದುಡಿಯುತ್ತಿದ್ದರೆ, ಊರಿನಲ್ಲಿ ಅವನ ಅಮ್ಮ ಧಣಿಗಳ ಮನೆಗೆ ಅಕ್ಕಿ ಅಳೆಯುವುದು ನಿಂತಿತ್ತು. ಮುಂಬಯಿಯಲ್ಲಿ ಸೊಸೆ ಸೀಮೆಎಣ್ಣೆಯ ಸಾಲಿನಲ್ಲಿ ಯಾರನ್ನು ಶಪಿಸುತ್ತಿದ್ದಳೋ, ಊರಿನಲ್ಲಿ ಅತ್ತೆ ಅವರ ಹೆಸರಿನಲ್ಲೇ ದೀಪ ಹಚ್ಚುವಂತಿತ್ತು. ಇಬ್ಬರಲ್ಲಿ ಯಾರದೂ ತಪ್ಪಲ್ಲ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರಂಥ ಘಟಾನುಘಟಿಯ ಎದುರು ಇಂದಿರಾಜಿ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದುದರಲ್ಲಿ ಇಂಥ ಮನೆಗಳ ಪಾಲು ಸಣ್ಣದಲ್ಲ.

ಹೆಣ್ಣಿನೆದುರು ಹೆಣ್ಣು ನಿಂತ ಇನ್ನೊಂದು ದೊಡ್ಡ ಕಣವೂ ಕರ್ನಾಟಕದ್ದೇ. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿಯವರೆದುರು ಸುಷ್ಮಾ ಸ್ವರಾಜ್ ನಿಂತರು. ಅಲ್ಪ ದಿನಗಳಲ್ಲಿ ಕನ್ನಡ ಕಲಿತು ಸಭೆಗಳಲ್ಲಿ ಮಾತನಾಡಿ ಮೂರೂವರೆ ಲಕ್ಷಕ್ಕೂ ಮಿಕ್ಕಿ ಮತ ಪಡೆದರೂ 56 ಸಾವಿರದಷ್ಟು ಮತಗಳಿಂದ ಸೋತರು. 2004ರಲ್ಲಿ ಸೋನಿಯಾ ಪ್ರಧಾನಿಯಾದರೆ ತಲೆ ಬೋಳಿಸಿ, ಬಿಳಿ ಸೀರೆ ಉಟ್ಟು, ನೆಲದ ಮೇಲೆ ಮಲಗುವುದಾಗಿ ಸಾರಿದವರೂ ಅವರೇ. ಸೋನಿಯಾ ಆ ಹುದ್ದೆಯನ್ನು ಒಲ್ಲೆನೆಂದರು. ಆದರೆ ಆ ವಿರೋಧಕ್ಕೂ ಲಟ್ಟಣಿಗೆಯ ವಿರೋಧಕ್ಕೂ ಬಹಳ ಅಂತರವಿದೆ. ಅಲ್ಲಿನ ಪ್ರಶ್ನೆ ಹುಟ್ಟಿದ ದೇಶದ್ದು, ಇಲ್ಲಿನದು ಅಡುಗೆಮನೆಯ ಡಬ್ಬಿಯದು. ವಿಧವೆಯ ವೇಷವನ್ನು ಪ್ರತಿಭಟನೆಯ ಗುರುತಾಗಿ ಎತ್ತಿ ಹಿಡಿದುದು ಎಷ್ಟು ಹೆಂಗಸರಿಗೆ ರುಚಿಸೀತು ಎಂದೂ ಕೇಳಬಹುದು. ಮೂವತ್ತರ ಆಸುಪಾಸಿನಲ್ಲೇ ಪತಿಯನ್ನು ಕಳೆದುಕೊಂಡ ಮೃಣಾಲ್‌ತಾಯಿ ಅದನ್ನು ಎಂದೂ ಬಂಡವಾಳ ಮಾಡಿಕೊಂಡವರಲ್ಲ.

ಇನ್ನು ದಿಲ್ಲಿಯ ಬಾಯಿಯ ವಿಷಯ. ಜನತಾ ಸರಕಾರ ಮೂರು ವರ್ಷವೂ ನಿಲ್ಲಲಿಲ್ಲ. 1980ರ ಚುನಾವಣೆಯಲ್ಲಿ ಇಂದಿರಾಜಿ ಈರುಳ್ಳಿಯ ಬೆಲೆಯನ್ನೇ ಹಿಡಿದು ಊರೂರು ತಿರುಗಿದರು. ಮುಂಬಯಿಯ ಗೃಹಿಣಿಯರು ಲಟ್ಟಣಿಗೆ ಹಿಡಿದು ಕಲಿಸಿದ ಪಾಠವನ್ನು ಅವರು ಚೆನ್ನಾಗಿಯೇ ಕಲಿತಿದ್ದರು. ಫಲಿತಾಂಶ 353 ಸ್ಥಾನ. ಆ ಅಲೆಯಲ್ಲೂ ಮುಂಬಯಿ ಉತ್ತರ ಮಧ್ಯದ ಮತದಾರರು ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡ ಇನ್ನೊಬ್ಬ ಸಮಾಜವಾದಿ ಮಹಿಳೆ ಪ್ರಮೀಳಾ ದಂಡವತೆ ಅವರನ್ನೇ ಆರಿಸಿ ಕಳುಹಿಸಿದರು.

ಅಹಿಲ್ಯಾ ರಾಂಗಣೇಕರ್ 2009ರಲ್ಲಿ, ಮೃಣಾಲ್ ಗೋರೆ 2012ರ ಜುಲೈ 17ರಂದು ನಿಧನರಾದರು. ಗೋರೆಗಾಂವ್‌ನ ಮೇಲ್ಸೇತುವೆಯೊಂದಕ್ಕೆ ಈಗ ಮೃಣಾಲ್‌ತಾಯಿಯ ಹೆಸರಿದೆ.