ತೈಲಚಿತ್ರ ಕಲಿಯುವಿರಾ? ಮೊದಲು ಕಿಟಕಿ ತೆರೆಯಿರಿ

ತೈಲಚಿತ್ರ ಕಲಿಯಬೇಕೆಂಬ ಬಹುದಿನಗಳ ಆಸೆ ನಿಮಗಿದೆಯೇ? ಹಿರಿಯ ಕಲಾವಿದರ ಚಿತ್ರವೊಂದನ್ನು ಎದುರಿಗಿಟ್ಟುಕೊಂಡು ನಕಲು ಮಾಡುವುದು ಕಲಿಕೆಯ ಹಳೆಯ, ಉತ್ತಮ ವಿಧಾನ. ಮನಸ್ಸಿಗೂ ಹಿತ. ಆದರೆ ಬಣ್ಣದ ಜೊತೆಗೆ ಮನೆಯೊಳಗೆ ಬರುವ ಕೆಲವು ಅಪಾಯಗಳನ್ನು ಮೊದಲೇ ತಿಳಿದಿರಬೇಕು.

ಆಲ್ಬರ್ಟ್ ಬೀರ್‌ಸ್ಟಾಟ್ 1868ರಲ್ಲಿ ರಚಿಸಿದ ‘ಅಮಾಂಗ್ ದಿ ಸಿಯೆರಾ ನೆವಾಡಾ, ಕ್ಯಾಲಿಫೋರ್ನಿಯಾ’ ಚಿತ್ರವನ್ನೇ ತೆಗೆದುಕೊಳ್ಳಿ. ನಿಶ್ಚಲ ಸರೋವರ, ದಡದಲ್ಲಿ ಜಿಂಕೆಗಳು, ಹಿಂದೆ ಮುಗಿಲು ಮುಟ್ಟುವ ಶಿಖರಗಳು. ಸುಮಾರು ಹತ್ತು ಅಡಿ ಅಗಲದ ಈ ರಮ್ಯಪಂಥದ ಚಿತ್ರ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಕಲಾ ಸಂಗ್ರಹಾಲಯದಲ್ಲಿದೆ. ನಿಮಗೆ ಅದರ ಮುದ್ರಿತ ಪ್ರತಿ ಮತ್ತು ಒಂದೂವರೆ ಅಡಿಯ ಕ್ಯಾನ್ವಾಸ್ ಸಾಕು.

ಘಾಟು ಎಲ್ಲಿಂದ?

ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಅಷ್ಟೇನೂ ಹಾನಿಕರವಲ್ಲ. ತೊಂದರೆ ಕೊಡುವುದು ಬಣ್ಣ ತೆಳುಗೊಳಿಸುವ ಟರ್ಪೆಂಟೈನ್. ಇದರ ಆವಿಯಿಂದ ತಲೆನೋವು, ತಲೆಸುತ್ತು, ಕಣ್ಣುರಿ ಬರಬಹುದು; ಉಬ್ಬಸವಿದ್ದವರಿಗೆ ಉಸಿರಾಟ ಕಷ್ಟವಾಗಬಹುದು. ಚರ್ಮಕ್ಕೆ ತಗುಲಿದರೆ ಕೆಲವರಿಗೆ ತುರಿಕೆ, ಗಂದೆ ಏಳುತ್ತದೆ.

ತೈಲಚಿತ್ರದಲ್ಲಿ ಕೆಳಪದರ ತೆಳುವಾಗಿಯೂ ಮೇಲಿನ ಪದರಗಳು ಹೆಚ್ಚು ಎಣ್ಣೆಯಿಂದಲೂ ಕೂಡಿರಬೇಕು. ಇಲ್ಲವಾದರೆ ಬಣ್ಣ ಬಿರುಕು ಬಿಡುತ್ತದೆ. ಹಾಗಾಗಿ ಬೆಟ್ಟ, ನೀರು, ಆಕಾಶಗಳ ಮೊದಲ ರೂಪ ಹಾಕುವ ದಿನವೇ ಟರ್ಪೆಂಟೈನ್ ಹೆಚ್ಚು ಬೇಕಾಗುತ್ತದೆ. ಅಂದು ಎದುರುಬದುರಿನ ಕಿಟಕಿಗಳನ್ನು ತೆರೆದಿಡಿ. ಮಲಗುವ ಕೋಣೆಯಲ್ಲಿ ಚಿತ್ರ ಬರೆಯಬೇಡಿ, ಒಣಗಿಸಲೂ ಬೇಡಿ. ವಾಸನೆಯಿಲ್ಲದ ತೆಳುಕಾರಕಗಳೂ ಸಿಗುತ್ತವೆ. ಆದರೆ ವಾಸನೆಯಿಲ್ಲ ಎಂದ ಮಾತ್ರಕ್ಕೆ ಆವಿಯಿಲ್ಲ ಎಂದಲ್ಲ. ಉಬ್ಬಸವಿದ್ದವರು, ಗರ್ಭಿಣಿಯರು ನೀರಿನಲ್ಲಿ ಬೆರೆಯುವ ತೈಲವರ್ಣ ಬಳಸುವುದು ಲೇಸು.

ಬಣ್ಣದ ಆಯ್ಕೆ

ಹತ್ತೊಂಬತ್ತನೇ ಶತಮಾನದಲ್ಲಿ ಮೋಡ, ಹಿಮಗಳಿಗೆ ಹೆಚ್ಚಾಗಿ ಬಳಕೆಯಲ್ಲಿದ್ದದ್ದು ಸೀಸದ ಬಿಳಿ. ಸೀಸ ದೇಹದಲ್ಲಿ ಸೇರಿಕೊಂಡರೆ ಹೊಟ್ಟೆನೋವು, ರಕ್ತಹೀನತೆ, ನರದೌರ್ಬಲ್ಯ ಉಂಟಾಗುತ್ತವೆ. ಮಕ್ಕಳ ಮಿದುಳಿಗೆ ಅದು ಇನ್ನೂ ಅಪಾಯಕರ. ಇಟಲಿಯ ವೈದ್ಯ ರಾಮಾಜಿನಿ 1700ರಷ್ಟು ಹಿಂದೆಯೇ ಚಿತ್ರಕಾರರ ಕಾಯಿಲೆಗಳ ಬಗ್ಗೆ ಬರೆದಿದ್ದ. ಇಂದು ಟೈಟಾನಿಯಂ ಬಿಳಿ ಇದೆ. ಅದರೊಂದಿಗೆ ಅಲ್ಟ್ರಾಮರೀನ್ ನೀಲಿ, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ ಇದ್ದರೆ ಸರೋವರದ ಚಿತ್ರಕ್ಕೆ ಸಾಕು. ನೀಲಿಗೆ ಓಕರ್ ಬೆರೆಸಿದರೆ ಮರಗಳ ಹಸಿರು, ಸಿಯೆನ್ನಾ ಬೆರೆಸಿದರೆ ನೆರಳಿನ ಕಪ್ಪು. ಬಿಳಿ ಕೂಡಿಸಿದರೆ ದೂರದ ಬೆಟ್ಟ. ಸೀಸ, ಕ್ಯಾಡ್ಮಿಯಂ ಬಣ್ಣಗಳು ಕಲಿಯುವವರಿಗೆ ಬೇಕಿಲ್ಲ. ಪುಡಿ ಬಣ್ಣಗಳನ್ನಂತೂ ಕಲಸಲೇಬೇಡಿ.

ಇವು ನೆನಪಿರಲಿ

* ಕುಂಚದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡಬೇಡಿ. ಕೆಲಸದ ನಡುವೆ ತಿಂಡಿ, ಧೂಮಪಾನ ಸಲ್ಲದು.

* ಕೈಯನ್ನು ಟರ್ಪೆಂಟೈನ್‌ನಿಂದ ತೊಳೆಯಬೇಡಿ. ಅಡುಗೆ ಎಣ್ಣೆ ಸವರಿ ಒರೆಸಿ, ನಂತರ ಸೋಪು ಹಚ್ಚಿ ತೊಳೆಯಿರಿ.

* ಎಣ್ಣೆ ಹತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ. ಬೆಂಕಿ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹಾಕಿಡಿ.

* ಮೂಲಚಿತ್ರದ ಪ್ರತಿಯನ್ನು ಕ್ಯಾನ್ವಾಸಿನ ಪಕ್ಕದಲ್ಲೇ, ಕಣ್ಣಿನ ಮಟ್ಟದಲ್ಲಿ ಇಡಿ. ಇಲ್ಲದಿದ್ದರೆ ಪದೇ ಪದೇ ತಿರುಗಿ ಕತ್ತು ನೋಯುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ.

* ಟರ್ಪೆಂಟೈನನ್ನು ನೀರಿನ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ. ಮಕ್ಕಳು ಕುಡಿದರೆ ವಾಂತಿ ಮಾಡಿಸಬಾರದು; ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಬಾಟಲಿಯೊಂದಿಗೆ ಕೂಡಲೇ ಆಸ್ಪತ್ರೆಗೆ ಧಾವಿಸಿ.

ಪ್ರತಿ ಪದರವೂ ಒಣಗಲು ಹಲವು ದಿನ ಹಿಡಿಯುವುದರಿಂದ ಅವಸರ ಮಾಡಿ ಫಲವಿಲ್ಲ. ದಿನಕ್ಕೊಂದು ಗಂಟೆ ಕುಳಿತರೆ ಸಾಕು. ತಲೆ ಭಾರವೆನಿಸಿದರೆ ಕುಂಚ ಕೆಳಗಿಟ್ಟು ಹೊರಗಿನ ಗಾಳಿಗೆ ಬನ್ನಿ. ತೊಂದರೆ ಮರುಕಳಿಸಿದರೆ ವೈದ್ಯರನ್ನು ಕಾಣಿರಿ.